ಹೆದ್ದಾರಿ ಸೇತುವೆಗಳ ಯೋಗಕ್ಷೇಮ

ಮಳೆಗಾಲದ ರಾತ್ರಿ ಕರಾವಳಿಯ ಹೆದ್ದಾರಿಯಲ್ಲಿ ಬಸ್ಸಿನ ಪ್ರಯಾಣ ಮಾಡಿದವರಿಗೆಲ್ಲ ಒಂದು ಅನುಭವ ಪರಿಚಿತವಾಗಿರುತ್ತದೆ. ಅರೆನಿದ್ದೆಯಲ್ಲಿರುವಾಗ ಚಕ್ರಗಳ ಸದ್ದು ತಟಕ್ಕನೆ ಬದಲಾಗುತ್ತದೆ. ಕಿಟಕಿಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ಒಂದೇ ಸಮನಾದ ಅಂತರದಲ್ಲಿ ದಡ್, ದಡ್ ಎಂಬ ಶಬ್ದ ಕೇಳಿಸುತ್ತದೆ. ಹೊಳೆ ಬಂದಿತೆಂದು ತಿಳಿದು ನಾವು ಮತ್ತೆ ಕಣ್ಣು ಮುಚ್ಚುತ್ತೇವೆ. ಕೆಳಗೆ ತುಂಬಿ ಹರಿಯುವ ನೀರನ್ನಾಗಲಿ, ಅದರ ನಡುವೆ ನಿಂತ ಕಂಬಗಳನ್ನಾಗಲಿ ಯಾರೂ ಯೋಚಿಸುವುದಿಲ್ಲ. ಸೇತುವೆಯ ಮೇಲೆ ನಾವಿಟ್ಟಿರುವ ನಂಬಿಕೆ ಅಷ್ಟು ಗಾಢವಾದುದು.

ಈ ನಂಬಿಕೆ ಒಮ್ಮೊಮ್ಮೆ ಸುಳ್ಳಾಗುವುದುಂಟು. 2024ನೆಯ ಇಸವಿ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಒಂದು ಗಂಟೆಯ ಸುಮಾರಿಗೆ, ಕಾರವಾರಕ್ಕೂ ಸದಾಶಿವಗಡಕ್ಕೂ ನಡುವೆ ಕಾಳಿನದಿಯ ಮೇಲಿದ್ದ ಹಳೆಯ ಸೇತುವೆ ಕುಸಿಯಿತು. ಆಗ ಅದರ ಮೇಲಿದ್ದುದು ಒಂದೇ ಲಾರಿ. ಅದು ನೀರಿಗೆ ಬಿದ್ದರೂ ಚಾಲಕನನ್ನು ಜೀವಸಹಿತ ಮೇಲೆತ್ತಲಾಯಿತು. ಹಗಲು ಹೊತ್ತಿನಲ್ಲಿ, ಶಾಲೆಯ ಮಕ್ಕಳೂ ಬಸ್ಸುಗಳೂ ಓಡಾಡುವ ವೇಳೆಯಲ್ಲಿ, ಇದೇ ನಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದೂ ಕಷ್ಟ. ಆ ಸೇತುವೆಗೆ ಆಗ ಸುಮಾರು ನಲವತ್ತು ವರ್ಷ ವಯಸ್ಸು. ಕಲ್ಲುಕಟ್ಟಡಗಳ ಲೆಕ್ಕದಲ್ಲಿ ಇದನ್ನು ಮುಪ್ಪೆಂದು ಹೇಳಲಾಗದು.

ಇಂಥ ಸುದ್ದಿಗಳನ್ನು ಓದಿದಾಗ "ಸೇತುವೆ ಇದ್ದಕ್ಕಿದ್ದಂತೆ ಬಿದ್ದಿತು" ಎಂಬ ಮಾತನ್ನು ಕಾಣುತ್ತೇವೆ. ವಾಸ್ತವವಾಗಿ ಸೇತುವೆಗಳು ಇದ್ದಕ್ಕಿದ್ದಂತೆ ಬೀಳುವುದು ಅಪರೂಪ. ಅವು ಹತ್ತಾರು ವರ್ಷ ಸಣ್ಣ ಸಣ್ಣ ಲಕ್ಷಣಗಳ ಮೂಲಕ ತಮ್ಮ ಅಸ್ವಸ್ಥತೆಯನ್ನು ತಿಳಿಸುತ್ತಿರುತ್ತವೆ. ಆ ಲಕ್ಷಣಗಳು ಯಾವುವು, ಅವುಗಳ ಹಿಂದಿರುವ ವಿಜ್ಞಾನವೇನು, ಸಕಾಲದಲ್ಲಿ ಮಾಡುವ ಅಗ್ಗದ ಉಪಚಾರ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಸೇತುವೆಯ ಅಂಗಗಳು

ಇಂಜಿನಿಯರುಗಳ ವಾಡಿಕೆಯಂತೆ ಆರು ಮೀಟರುವರೆಗಿನ ದಾಟುಗಟ್ಟಡಕ್ಕೆ ಮೋರಿಯೆಂದೂ, ಆರರಿಂದ ಅರವತ್ತು ಮೀಟರುವರೆಗಿನದಕ್ಕೆ ಕಿರುಸೇತುವೆಯೆಂದೂ, ಅದಕ್ಕೂ ಉದ್ದವಾದುದಕ್ಕೆ ದೊಡ್ಡ ಸೇತುವೆಯೆಂದೂ ಹೆಸರು. ಗಾತ್ರ ಯಾವುದೇ ಇರಲಿ, ಅಂಗಗಳು ಮುಖ್ಯವಾಗಿ ಮೂರು. ನೆಲದೊಳಗೆ ಇಳಿದಿರುವ ಅಸ್ತಿಭಾರ ಮತ್ತು ಅದರ ಮೇಲೆ ನಿಂತ ಕಂಬ ಮೊದಲನೆಯದು. ವಾಹನಗಳನ್ನು ಹೊರುವ ತೊಲೆ ಮತ್ತು ಹಾಸು ಎರಡನೆಯದು. ಇವೆರಡರ ನಡುವೆ, ಕಂಬದ ತಲೆಯ ಮೇಲೆ, ತೊಲೆಯ ತುದಿ ಕೂರುವ ಬೇರಿಂಗು ಮೂರನೆಯದು. ರಸ್ತೆಯ ಮೇಲೆ ಹೋಗುವವರಿಗೆ ಇವುಗಳಲ್ಲಿ ಕಾಣುವುದು ಹಾಸಿನ ಮೇಲ್ಭಾಗ ಮಾತ್ರ. ಸೇತುವೆಯ ಆರೋಗ್ಯವನ್ನು ನಿರ್ಧರಿಸುವ ಭಾಗಗಳೆಲ್ಲ ನಮ್ಮ ಕಾಲಡಿಯಲ್ಲಿ ಮರೆಯಾಗಿರುತ್ತವೆ. ಎಲ್ಲರೂ ಬಳಸುವ ವಸ್ತುವನ್ನು ಯಾರೂ ನೋಡದಿರುವುದಕ್ಕೆ ಇದೂ ಒಂದು ಕಾರಣ.

ಬಿಸಿಲಿನ ಕೆಲಸ

ಲೇಖನದ ಮೊದಲಲ್ಲಿ ಹೇಳಿದ ದಡ್ ದಡ್ ಶಬ್ದವನ್ನೇ ಮೊದಲು ವಿಚಾರಿಸೋಣ. ಒಂದು ಹಾಸಿಗೂ ಮುಂದಿನ ಹಾಸಿಗೂ ನಡುವೆ ಬೇಕೆಂದೇ ಬಿಟ್ಟಿರುವ ಸಂದಿನ ಮೇಲೆ ಚಕ್ರ ಹಾಯುವಾಗ ಆ ಶಬ್ದ ಹುಟ್ಟುತ್ತದೆ. ಸಂದನ್ನು ಬಿಡುವುದೇಕೆ? ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಉತ್ತರ ಗೊತ್ತಿರುತ್ತದೆ. ಪಟ್ಟಿಯನ್ನು ಕೆಂಪಗೆ ಕಾಯಿಸಿದರೆ ಹಿಗ್ಗುತ್ತದೆ, ನೀರು ಹೊಯ್ದರೆ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. ಸೇತುವೆಯೂ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುತ್ತದೆ.

ಕಾಂಕ್ರೀಟಾಗಲಿ ಉಕ್ಕಾಗಲಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಹನ್ನೆರಡು ಭಾಗದಷ್ಟು ಬೆಳೆಯುತ್ತದೆ. ನಲವತ್ತು ಮೀಟರು ಉದ್ದದ ತೊಲೆಯೊಂದು ಮಾಗಿಯ ಬೆಳಗಿನಿಂದ ಬೇಸಗೆಯ ನಡುಹಗಲಿಗೆ 25 ಡಿಗ್ರಿ ಬಿಸಿಯೇರಿತೆನ್ನಿ. ಆಗ ಅದು ಹನ್ನೆರಡು ಮಿಲಿಮೀಟರು, ಅಂದರೆ ಕಿರುಬೆರಳಿನ ದಪ್ಪದಷ್ಟು, ಬೆಳೆಯುತ್ತದೆ. ಈ ಅಲ್ಪ ಚಲನೆಗೆ ಅವಕಾಶ ಕೊಡುವುದಕ್ಕಾಗಿಯೇ ಸಂದನ್ನು ಬಿಡುವುದು, ತೊಲೆಯ ತುದಿಯನ್ನು ಉರುಳೆಯ ಮೇಲೋ ರಬ್ಬರಿನ ದಿಂಬಿನ ಮೇಲೋ ಕೂರಿಸುವುದು.

ಸಂದಿನಲ್ಲಿ ಮಣ್ಣು, ಜಲ್ಲಿ, ಟಾರು ಸೇರಿ ಗಟ್ಟಿಯಾದರೆ, ಅಥವಾ ಬೇರಿಂಗು ತುಕ್ಕುಹಿಡಿದು ಕದಲದೆ ಹೋದರೆ ಹಿಗ್ಗುವ ತೊಲೆಗೆ ದಾರಿಯಿರುವುದಿಲ್ಲ. ಅದು ಎದುರಿನ ಹಾಸನ್ನು ದೂಡುತ್ತದೆ, ಕಂಬದ ತಲೆಯನ್ನು ಎಳೆಯುತ್ತದೆ. ಕಾಂಕ್ರೀಟು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ. ಎಳೆಯುವ ಬಲವನ್ನು ತಾಳುವ ಶಕ್ತಿ ಅದಕ್ಕೆ ಇದರ ಹತ್ತರಲ್ಲೊಂದು ಪಾಲು ಮಾತ್ರ. ಆದ್ದರಿಂದ ಕಂಬದ ತಲೆಯಲ್ಲಿ ಓರೆಯಾದ ಬಿರುಕುಗಳು ಮೂಡುತ್ತವೆ. ಬೇರಿಂಗಿನ ಸುತ್ತ ಬಿರುಕು ಕಂಡರೆ ಮೊದಲು ಸಂಶಯಿಸಬೇಕಾದುದು ಮೇಲಿನ ಸಂದನ್ನು. ಸಂದಿನ ಕಸ ತೆಗೆಯಲು ಬೇಕಾಗುವುದು ಒಂದು ಪೊರಕೆ, ಒಂದು ಕಬ್ಬಿಣದ ಸಲಾಕೆ, ಇಬ್ಬರು ಆಳುಗಳ ಅರ್ಧ ದಿನದ ದುಡಿಮೆ. ಅದನ್ನು ಮಾಡದೆ ಬಿಟ್ಟರೆ ಮುಂದೆ ಇಡೀ ತೊಲೆಯನ್ನೇ ಜಾಕಿಗಳಿಂದ ಎತ್ತಿ ಬೇರಿಂಗನ್ನು ಬದಲಿಸಬೇಕಾಗುತ್ತದೆ.

ಮೇಲಿನ ನೀರು

ಸೇತುವೆಗೆ ಬಿಸಿಲಿಗಿಂತ ದೊಡ್ಡ ಶತ್ರು ನೀರು. ಅದು ಮೇಲಿನಿಂದ ಒಂದು ರೀತಿ, ಕೆಳಗಿನಿಂದ ಇನ್ನೊಂದು ರೀತಿ ಆಕ್ರಮಿಸುತ್ತದೆ.

ಕಾಂಕ್ರೀಟಿನೊಳಗೆ ಹುದುಗಿರುವ ಉಕ್ಕಿನ ಸರಳುಗಳು ಹೊರಗೆ ಬಿದ್ದಿರುವ ಸರಳಿನಂತೆ ಬೇಗನೆ ತುಕ್ಕುಹಿಡಿಯುವುದಿಲ್ಲ. ಸಿಮೆಂಟು ಬಲವಾದ ಕ್ಷಾರ. ಕ್ಷಾರದ ನಡುವೆ ಉಕ್ಕಿನ ಮೇಲೆ ಅತಿ ತೆಳುವಾದ ರಕ್ಷಕ ಪೊರೆಯೊಂದು ಕೂಡಿಕೊಂಡಿರುತ್ತದೆ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ಒಳಸೇರಿ ಈ ಕ್ಷಾರವನ್ನು ಮೆಲ್ಲಮೆಲ್ಲನೆ ತಗ್ಗಿಸುತ್ತ ಹೋಗುತ್ತದೆ. ಅದು ಸರಳನ್ನು ಮುಟ್ಟಿದ ದಿನ ಪೊರೆ ಅಳಿಯುತ್ತದೆ. ಅಲ್ಲಿಂದ ಮುಂದೆ ತೇವವೊಂದು ಸಿಕ್ಕರೆ ಸಾಕು, ತುಕ್ಕು ಆರಂಭವಾಗುತ್ತದೆ.

ಇದರಲ್ಲಿ ಗಮನಿಸಬೇಕಾದ ಗಣಿತವೊಂದುಂಟು. ಈ ಅನಿಲ ಒಳಗಿಳಿಯುವ ಆಳ ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ಆಳ ಇಮ್ಮಡಿಯಾಗಬೇಕಾದರೆ ನಾಲ್ಕು ಪಟ್ಟು ಕಾಲ ಬೇಕು. 25 ಮಿಲಿಮೀಟರಿನ ಕಾಂಕ್ರೀಟು ಹೊದಿಕೆಯನ್ನು ಅದು ನಲವತ್ತು ವರ್ಷದಲ್ಲಿ ದಾಟುವುದೆಂದು ಭಾವಿಸೋಣ. ಕಟ್ಟುವಾಗ ಅಜಾಗರೂಕತೆಯಿಂದ ಹೊದಿಕೆ ಅದರ ಅರ್ಧಕ್ಕೆ ಇಳಿದಿದ್ದರೆ, ದಾಟಲು ಬೇಕಾಗುವ ಕಾಲ ಇಪ್ಪತ್ತು ವರ್ಷವಲ್ಲ, ಕೇವಲ ಹತ್ತು ವರ್ಷ. ಮೇಸ್ತ್ರಿ ಒಂದು ದಿನ ಉಳಿಸಿದ ಬೆರಳಗಲದ ಗಾರೆ ಸೇತುವೆಯ ಆಯುಸ್ಸಿನಿಂದ ಮೂವತ್ತು ವರ್ಷವನ್ನು ಕಳೆಯುತ್ತದೆ.

ಕಡಲಿನ ಸಮೀಪದಲ್ಲಿ ಉಪ್ಪಿನ ಕಾಟ ಬೇರೆ. ಗಾಳಿಯೊಡನೆ ಬಂದು ಕೂರುವ ಉಪ್ಪಿನಲ್ಲಿರುವ ಕ್ಲೋರೈಡು ಕ್ಷಾರವಿರುವಾಗಲೇ ಆ ರಕ್ಷಕ ಪೊರೆಯನ್ನು ತೂತು ಮಾಡಬಲ್ಲದು. ತುಕ್ಕಾದ ಕಬ್ಬಿಣ ಮೊದಲಿನ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗವನ್ನು ಬಯಸುತ್ತದೆ. ಒಳಗೆ ಉಬ್ಬಿದ ತುಕ್ಕು ಕಾಂಕ್ರೀಟನ್ನು ಸೀಳುತ್ತದೆ, ಸರಳಿನ ಉದ್ದಕ್ಕೂ ಬಿರುಕೊಂದು ಕಾಣಿಸುತ್ತದೆ, ಕೆಂಗಂದು ಬಣ್ಣದ ನೀರು ಒಸರುತ್ತದೆ, ಕೊನೆಗೆ ಚಕ್ಕೆ ಉದುರಿ ಸರಳು ಹೊರಬೀಳುತ್ತದೆ. ಸೇತುವೆಯ ಅಡಿಯಲ್ಲಿ ದೋಣಿ ನಡೆಸುವವರು ಈ ಹಂತಗಳನ್ನೆಲ್ಲ ಕಂಡಿರುತ್ತಾರೆ. ಮೇಲೆ ಬಸ್ಸಿನಲ್ಲಿ ಕುಳಿತವರು ಕಂಡಿರುವುದಿಲ್ಲ.

ಕೆಲವು ಸೇತುವೆಗಳಲ್ಲಿ ತೊಲೆಯೊಳಗಿನ ನಾಳಗಳಲ್ಲಿ ಬಲವಾದ ಉಕ್ಕಿನ ತಂತಿಗಳನ್ನು ಹಾಯಿಸಿ, ಭಾರ ಬೀಳುವುದಕ್ಕೆ ಮೊದಲೇ ಬಿಗಿಯಾಗಿ ಸೆಳೆದಿಟ್ಟಿರುತ್ತಾರೆ. ಇದು ಬಹಳ ಜಾಣ್ಮೆಯ ವಿಧಾನ. ಕಡಮೆ ಸಾಮಗ್ರಿಯಲ್ಲಿ ಉದ್ದವಾದ ತೊಲೆಯನ್ನು ಕಟ್ಟಬಹುದು. ಆದರೆ ತಂತಿಗಳು ತೆಳ್ಳಗಿರುತ್ತವೆ, ಯಾವಾಗಲೂ ಬಿಗಿತದಲ್ಲಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ನಾಳದೊಳಗೆ ತುಂಬಿದ ಸಿಮೆಂಟು ಗಂಜಿಯಲ್ಲಿ ಪೊಳ್ಳು ಉಳಿದು ನೀರು ನಿಂತರೆ, ಸ್ವಲ್ಪ ತುಕ್ಕೂ ತಂತಿಯನ್ನು ಕಡಿಯಲು ಸಾಕು. ಗೋವೆಯ ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ಕಟ್ಟಿದ್ದ ಇಂಥ ಸೇತುವೆ 1986ರ ಜುಲೈ 5ರಂದು ಕುಸಿಯಿತು. ಸಂಚಾರಕ್ಕೆ ತೆರೆದು ಅದಕ್ಕೆ ಎರಡು ದಶಕವೂ ತುಂಬಿರಲಿಲ್ಲ. ಬಿಗಿದ ಉಕ್ಕಿಗೆ ತಗಲಿದ ತುಕ್ಕು ಎಷ್ಟು ಅಪಾಯಕರವೆಂಬುದಕ್ಕೆ ನಮ್ಮ ದೇಶದ ಇಂಜಿನಿಯರುಗಳು ಇಂದಿಗೂ ಅದನ್ನು ಉದಾಹರಿಸುತ್ತಾರೆ.

ಹಾಗಾದರೆ ಮೇಲಿನ ನೀರಿಗೆ ಉಪಾಯವೇನು? ಹಾಸಿನ ಎರಡು ಅಂಚುಗಳಲ್ಲಿಯೂ ಅಲ್ಲಲ್ಲಿ ಮಳೆನೀರು ಹೊರಹೋಗಲು ಕೊಳವೆಗಳನ್ನು ಇಟ್ಟಿರುತ್ತಾರೆ. ಇವುಗಳ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದೇ ಮೊದಲ ಉಪಾಯ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಮುಷ್ಟಿಯಷ್ಟು ಮಣ್ಣು ಒಂದು ಕೊಳವೆಯನ್ನು ಮುಚ್ಚಿದರೆ ಆ ನೀರೆಲ್ಲ ಹಾಸಿನ ಮೇಲೆ ನಿಂತು ಸಂದಿನ ಮೂಲಕ ಬೇರಿಂಗಿನ ಮೇಲೂ ತೊಲೆಯ ತುದಿಯ ಮೇಲೂ ತಿಂಗಳುಗಟ್ಟಲೆ ತೊಟ್ಟಿಕ್ಕುತ್ತದೆ. ಕೋಟಿಗಟ್ಟಲೆ ರೂಪಾಯಿನ ಕಟ್ಟಡದ ಆರೋಗ್ಯ ಇಷ್ಟು ಅಲ್ಪ ವಸ್ತುವನ್ನು ಅವಲಂಬಿಸಿದೆ.

ಕೆಳಗಿನ ನೀರು

ಕಡಲತೀರದಲ್ಲಿ ಅಲೆ ಹಿಂದಿರುಗುವ ಕಡೆ ಬರಿಗಾಲಿನಲ್ಲಿ ನಿಂತು ನೋಡಿ. ನೀರು ಹಿಮ್ಮಡಿಗಳ ಸುತ್ತ ಸುಳಿಯುತ್ತ ಮರಳನ್ನು ಒಯ್ಯುತ್ತದೆ. ನಾಲ್ಕು ಅಲೆ ಬಂದು ಹೋಗುವಷ್ಟರಲ್ಲಿ ಪಾದದ ಕೆಳಗೆ ಗುಳಿ ಬಿದ್ದು ನಾವು ವಾಲುತ್ತೇವೆ. ಪ್ರವಾಹದ ಹೊಳೆಯಲ್ಲಿ ನಿಂತಿರುವ ಕಂಬದ ಪಾಡೂ ಇದೇ. ಹರಿದು ಬಂದ ನೀರು ಕಂಬಕ್ಕೆ ತಾಗಿ ಕೆಳಮುಖವಾಗಿ ಧುಮುಕಿ, ಬುಡದಲ್ಲಿ ಕುದುರೆಲಾಳದ ಆಕಾರದ ಸುಳಿಯಾಗಿ ತಿರುಗಿ ಮರಳನ್ನು ಅಗೆಯುತ್ತದೆ. ಇದಕ್ಕೆ ತಳಕೊರೆತವೆಂದು ಹೆಸರು.

ಪ್ರವಾಹದ ಬಲ ವೇಗದೊಡನೆ ಹೆಚ್ಚುವ ರೀತಿ ಬೆರಗುಗೊಳಿಸುವಂಥದು. ನೀರು ಉರುಳಿಸಬಲ್ಲ ಕಲ್ಲಿನ ತೂಕ ವೇಗದ ಆರನೆಯ ಘಾತದಂತೆ ಬೆಳೆಯುತ್ತದೆಂದು ಹಳೆಯ ನಿಯಮವೊಂದಿದೆ. ವೇಗ ಇಮ್ಮಡಿಯಾದರೆ ಮೊದಲಿಗಿಂತ 64 ಪಟ್ಟು ತೂಕದ ಕಲ್ಲು ಉರುಳುತ್ತದೆ. ನಮ್ಮ ದೇಶದ ಕಾಲುವೆಗಳಲ್ಲಿ ಕೆಲಸ ಮಾಡಿದ ಜೆರಾಲ್ಡ್ ಲೇಸಿಯೆಂಬ ಇಂಜಿನಿಯರು ಹೊಳೆ ತನ್ನ ತಳವನ್ನು ಎಷ್ಟು ಆಳಕ್ಕೆ ಕೊರೆಯಬಹುದೆಂಬುದಕ್ಕೆ ಸೂತ್ರವೊಂದನ್ನು ಕೊಟ್ಟಿದ್ದಾರೆ. ಭಾರತದ ಸೇತುವೆಗಳ ಅಸ್ತಿಭಾರವನ್ನು ಇಂದಿಗೂ ಅದರ ಆಧಾರದ ಮೇಲೆ ಲೆಕ್ಕಹಾಕುತ್ತಾರೆ. ಪ್ರವಾಹದ ನೀರಿನ ಮಟ್ಟದಿಂದ ಸಾಮಾನ್ಯ ಕೊರೆತ ಆರು ಮೀಟರು ಇಳಿಯುವುದಾದರೆ ಕಂಬದ ಬುಡದಲ್ಲಿ ಅದನ್ನು ಇಮ್ಮಡಿಯೆಂದು, ಅಂದರೆ ಹನ್ನೆರಡು ಮೀಟರೆಂದು, ಎಣಿಸಿ ಅಸ್ತಿಭಾರವನ್ನು ಅದಕ್ಕಿಂತಲೂ ಕೆಳಗೆ ಇಳಿಸಬೇಕು.

ತಳಕೊರೆತದಲ್ಲಿ ಒಂದು ಮೋಸವಿದೆ. ಪ್ರವಾಹ ಏರಿದಾಗ ಗುಳಿ ಬೀಳುತ್ತದೆ. ಪ್ರವಾಹ ಇಳಿಯುವಾಗ ನೀರು ತಾನು ತಂದ ಸಡಿಲ ಮರಳಿನಿಂದ ಅದನ್ನು ಮುಚ್ಚಿ ಹೋಗುತ್ತದೆ. ಬೇಸಗೆಯಲ್ಲಿ ಹೊಳೆ ಬತ್ತಿದಾಗ ನೋಡಲು ಹೋದವರಿಗೆ ತಳ ಸಮತಟ್ಟಾಗಿ, ನಿರಪಾಯವಾಗಿ ಕಾಣುತ್ತದೆ. ಮುಂದಿನ ಪ್ರವಾಹದಲ್ಲಿ ಆ ಸಡಿಲ ಮರಳು ಮೊದಲ ತಾಸಿನಲ್ಲಿಯೇ ಕೊಚ್ಚಿಹೋಗುತ್ತದೆ. ಆದ್ದರಿಂದ ಬುಡದ ನಿಜಸ್ಥಿತಿ ತಿಳಿಯಬೇಕಾದರೆ ಪ್ರವಾಹದ ಕಾಲದಲ್ಲಿಯೇ ಆಳವನ್ನು ಅಳೆಯಬೇಕು. ಹಿಂದೆ ಗಳುವನ್ನೋ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನೋ ಇಳಿಸುತ್ತಿದ್ದರು. ಈಗ ಶಬ್ದದ ಪ್ರತಿಧ್ವನಿಯಿಂದ ಆಳವನ್ನು ತಿಳಿಸುವ ಯಂತ್ರಗಳಿವೆ.

ಮಹಾರಾಷ್ಟ್ರದ ಮಹಾಡದಲ್ಲಿ ಸಾವಿತ್ರಿ ನದಿಯ ಮೇಲಿದ್ದ ಬ್ರಿಟಿಷರ ಕಾಲದ ಕಲ್ಲುಕಮಾನಿನ ಸೇತುವೆ 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ಎರಡು ಬಸ್ಸುಗಳು ಕತ್ತಲೆಯಲ್ಲಿ ಹೊಳೆಯ ಪಾಲಾದವು. ಅದೇ ವರ್ಷದ ಮೇ ತಿಂಗಳಿನಲ್ಲಿ ಆ ಸೇತುವೆಯನ್ನು ಪರಿಶೀಲಿಸಿ ಸಂಚಾರಕ್ಕೆ ಯೋಗ್ಯವೆಂದು ಕಂಡುಕೊಳ್ಳಲಾಗಿತ್ತೆಂದು ಸರ್ಕಾರವೇ ಆಗ ತಿಳಿಸಿತು. ಮೇ ತಿಂಗಳಲ್ಲಿ ಕಾಣುವ ಹೊಳೆಯೂ ಆಗಸ್ಟಿನಲ್ಲಿ ಹರಿಯುವ ಹೊಳೆಯೂ ಒಂದೇ ಅಲ್ಲವೆಂಬುದನ್ನು ಮರೆಯುವಂತಿಲ್ಲ.

ತಳಕೊರೆತಕ್ಕೆ ಮನುಷ್ಯನೂ ನೆರವಾಗುತ್ತಾನೆ. ಸೇತುವೆಯ ಆಸುಪಾಸಿನಲ್ಲಿ ಮರಳನ್ನು ಮಿತಿಮೀರಿ ತೆಗೆದರೆ ಹೊಳೆಯ ತಳವೇ ಕೆಳಗಿಳಿಯುತ್ತದೆ. ಆಳಕ್ಕೆ ಹೂತಿದ್ದ ಅಸ್ತಿಭಾರ ಬರಿದಾಗುತ್ತದೆ. ದಕ್ಷಿಣ ಕನ್ನಡದ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ 2018ರ ಜೂನ್ 25ರಂದು ಕುಸಿದಾಗ ಊರಿನ ಜನ ದೂರಿದುದು ಮರಳು ತೆಗೆಯುವುದನ್ನೇ. ಒಂದು ಮನೆ ಕಟ್ಟಲು ಒಯ್ದ ಮರಳು ಹತ್ತು ಊರುಗಳ ದಾರಿಯನ್ನು ಕಡಿಯಬಲ್ಲದು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪನವೇಲಿನಿಂದ ಹೊರಟು ಗೋವೆ, ಕಾರವಾರ, ಉಡುಪಿ, ಮಂಗಳೂರುಗಳ ಮೂಲಕ ಕನ್ಯಾಕುಮಾರಿಗೆ ಹೋಗುವ ಹೆದ್ದಾರಿಗೆ ಈಗ 66 ಎಂಬ ಸಂಖ್ಯೆಯಿದೆ. ಸಾವಿತ್ರಿ, ಮಾಂಡವಿ, ಕಾಳಿ, ಈ ಮೂರು ನದಿಗಳನ್ನೂ ದಾಟುವುದು ಇದೊಂದೇ ಹೆದ್ದಾರಿ. ನಾಲ್ವತ್ತು ವರ್ಷದೊಳಗೆ ಅದು ನಮಗೆ ಮೂರು ಪಾಠಗಳನ್ನು ಹೇಳಿದೆ. ಘಟ್ಟದ ಹೊಳೆ, ಕಡಲ ಉಪ್ಪು, ದಿನದಿನಕ್ಕೆ ಹೆಚ್ಚುವ ಭಾರ, ಈ ಮೂರೂ ಸೇರುವ ಕಡೆ ಆರೈಕೆಯೂ ಮೂರು ಪಟ್ಟು ಇರಬೇಕು.

ಭಾರದ ಲೆಕ್ಕ

ಭಾರದ ವಿಷಯದಲ್ಲಿ ಸಾಮಾನ್ಯವಾದ ತಪ್ಪು ಕಲ್ಪನೆಯೊಂದಿದೆ. ಒಂದು ಭಾರವಾದ ಲಾರಿ ಹಾದುಹೋದಾಗ ಸೇತುವೆ ಬೀಳಲಿಲ್ಲವಾದ್ದರಿಂದ ಅದಕ್ಕೆ ಏನೂ ಆಗಲಿಲ್ಲವೆಂದು ಜನ ತಿಳಿಯುತ್ತಾರೆ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಲೇ ಇದ್ದರೆ ಕಡೆಗೊಮ್ಮೆ ಮುರಿಯುತ್ತದೆ. ಉಕ್ಕಿನ ಸೇತುವೆಗಳೂ ಹೀಗೆಯೇ ದಣಿಯುತ್ತವೆ. ಈ ದಣಿವು ಭಾರದ ಘನದಂತೆ, ಅಂದರೆ ಮೂರನೆಯ ಘಾತದಂತೆ, ಹೆಚ್ಚುತ್ತದೆಂದು ಸ್ಥೂಲವಾಗಿ ಹೇಳಬಹುದು. ನಮ್ಮ ದೇಶದಲ್ಲಿ ನಾಲ್ಕು ಚಕ್ರಗಳಿರುವ ಒಂದು ಅಚ್ಚಿಗೆ ಮೊದಲು ವಿಧಿಸಿದ್ದ ಮಿತಿ 10.2 ಟನ್. 2018ರಲ್ಲಿ ಅದನ್ನು 11.5 ಟನ್ನಿಗೆ ಏರಿಸಲಾಯಿತು. ಭಾರ ಹೆಚ್ಚಿದ್ದು ನೂರಕ್ಕೆ ಹದಿಮೂರರಷ್ಟು; ದಣಿವು ಹೆಚ್ಚುವುದು ನೂರಕ್ಕೆ ನಲವತ್ತಮೂರರಷ್ಟು. ಈ ಮಿತಿಯನ್ನೂ ಮೀರಿ ಮರಳು ಅದಿರುಗಳನ್ನು ಹೇರಿದ ಲಾರಿಗಳ ಲೆಕ್ಕ ಬೇರೆ.

ದುರಸ್ತಿಯೇ ಹಾನಿಯಾಗುವ ಪ್ರಸಂಗವೂ ಇದೆ. ರಸ್ತೆಗೆ ಟಾರು ಹಾಕುತ್ತ ಬಂದವರು ಸೇತುವೆಯ ಮೇಲೂ ಹಳೆಯ ಪದರವನ್ನು ಕೆತ್ತದೆ ಹೊಸದನ್ನು ಹಾಸಿ ಮುಂದೆ ಸಾಗುತ್ತಾರೆ. ನಲವತ್ತು ಮೀಟರು ಉದ್ದ, ಏಳೂವರೆ ಮೀಟರು ಅಗಲದ ಹಾಸಿನ ಮೇಲೆ ಐದು ಸೆಂಟಿಮೀಟರು ದಪ್ಪದ ಪದರ ಹಾಕಿದರೆ ಅದರ ತೂಕ ಸುಮಾರು 34 ಟನ್. ಎರಡು ಲಾರಿಗಳನ್ನು ತುಂಬಿ ತಂದು ಹಗಲಿರುಳೂ ಸೇತುವೆಯ ಮೇಲೆಯೇ ನಿಲ್ಲಿಸಿದಂತೆ ಇದು. ಜೊತೆಗೆ ಸಂದುಗಳೂ ನೀರಿನ ಕೊಳವೆಗಳೂ ಆ ಟಾರಿನ ಕೆಳಗೆ ಮುಚ್ಚಿಹೋಗುತ್ತವೆ. ನೋಡುವವರಿಗೆ ಸೇತುವೆ ಹೊಸದಾದಂತೆ ಕಾಣುತ್ತದೆ. ವಾಸ್ತವದಲ್ಲಿ ಅದರ ಹೊರೆ ಹೆಚ್ಚಿ ಉಸಿರು ಕಟ್ಟಿರುತ್ತದೆ.

ಹಿಂದಿನವರ ಸೇತುವೆಗಳು

"ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಗೆ ಕಟ್ಟಿಸಿದ ಕಲ್ಲಿನ ಸೇತುವೆ 1804ರಿಂದ ನಿಂತಿದೆಯಲ್ಲ, ಈಗಿನವು ನಲವತ್ತು ವರ್ಷಕ್ಕೇ ಬೀಳುವುದೇಕೆ?" ಎಂದು ಕೆಲವರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ವೆಲ್ಲೆಸ್ಲಿ ಸೇತುವೆಯೆಂದು ಹೆಸರಾದ ಆ ಕಟ್ಟಡದಲ್ಲಿ ಕಂಬಗಳೂ ಕಲ್ಲು, ತೊಲೆಗಳೂ ಕಲ್ಲು. ತುಕ್ಕುಹಿಡಿಯಬಲ್ಲ ಕಬ್ಬಿಣದ ಸರಳುಗಳ ಮೇಲೆ ಅದು ನಿಂತಿಲ್ಲ. ಕೆಳಗಿರುವುದು ಕೊಚ್ಚಿಹೋಗುವ ಮರಳಲ್ಲ, ಬಂಡೆ. ಅದನ್ನು ಕಟ್ಟಿದುದು ಎತ್ತಿನ ಗಾಡಿಗಳ ಕಾಲದಲ್ಲಿ. ಇಂದಿನ ಲಾರಿಗಳ ಹೊರೆಯಿಂದ ಅದಕ್ಕೆ ಬಿಡುಗಡೆ ದೊರೆತಿದೆ. ಆದರೆ ಕಲ್ಲಿನ ತೊಲೆಯಿಂದ ನಲವತ್ತು ಮೀಟರು ಅಗಲದ ಕಂಡಿಯನ್ನು ದಾಟಲಾಗದು. ಹೆಜ್ಜೆಗೊಂದು ಕಂಬ ಬೇಕು. ಆಳವಾದ ಅಳಿವೆಗಳಲ್ಲಿ ಅದು ಸಾಧ್ಯವಲ್ಲ. ಉಕ್ಕು ನಮಗೆ ಉದ್ದವನ್ನು ಕೊಟ್ಟಿತು. ಅದರ ಬೆಲೆಯಾಗಿ ನಿರಂತರವಾದ ಆರೈಕೆಯನ್ನು ಕೇಳುತ್ತಿದೆ. ಮೇಲಾಗಿ, ಕಲ್ಲೂ ಅಮರವಲ್ಲವೆಂಬುದನ್ನು ಸಾವಿತ್ರಿಯ ಸೇತುವೆ ತೋರಿಸಿಕೊಟ್ಟಿದೆ.

ಪರೀಕ್ಷೆಯ ಕ್ರಮ

ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನೋಡುತ್ತಾರೆ. ಸೇತುವೆಯ ಪರೀಕ್ಷಕನೂ ಸಣ್ಣ ಸುತ್ತಿಗೆಯಿಂದ ಕಾಂಕ್ರೀಟನ್ನು ತಟ್ಟುತ್ತ ಹೋಗುತ್ತಾನೆ. ಗಟ್ಟಿಯಾದ ಕಡೆ ಖಣಿಲೆಂಬ ದನಿ. ಒಳಗೆ ತುಕ್ಕು ಉಬ್ಬಿ ಪದರ ಬಿಟ್ಟಿರುವ ಕಡೆ ಬೊದ್ದೆಂಬ ದನಿ. ಇದಕ್ಕಿಂತ ಸೂಕ್ಷ್ಮವಾದ ಉಪಾಯಗಳೂ ಇವೆ. ಕಿವಿಗೆ ಕೇಳಿಸದ ಶಬ್ದತರಂಗವನ್ನು ಕಾಂಕ್ರೀಟಿನ ಮೂಲಕ ಹಾಯಿಸಿ ವೇಗವನ್ನು ಅಳೆಯುತ್ತಾರೆ. ಸೆಕೆಂಡಿಗೆ ನಾಲ್ಕೂವರೆ ಕಿಲೋಮೀಟರಿಗಿಂತ ಹೆಚ್ಚಾದರೆ ಉತ್ತಮ, ಮೂರಕ್ಕಿಂತ ಕಡಮೆಯಾದರೆ ಸಂಶಯಾಸ್ಪದ. ಒಳಗಿನ ಸರಳಿಗೂ ಮೇಲ್ಮೈಯ ಮೇಲಿಟ್ಟ ತಾಮ್ರದ ಕೋಶಕ್ಕೂ ನಡುವಣ ವಿದ್ಯುತ್ ಒತ್ತಡವನ್ನು ಅಳೆದು ತುಕ್ಕು ನಡೆಯುತ್ತಿದೆಯೇ ಎಂಬುದನ್ನು ಕಾಂಕ್ರೀಟನ್ನು ಒಡೆಯದೆಯೇ ಊಹಿಸಬಹುದು. ನೀರಿನೊಳಗಿನ ಭಾಗವನ್ನು ಮುಳುಗುಗಾರರು ಕೈಯಿಂದ ಸವರಿ ನೋಡುತ್ತಾರೆ.

ಇಂಥ ಪರೀಕ್ಷೆ ಕ್ರಮಬದ್ಧವಾದುದು ದುಃಖದ ಅನುಭವದಿಂದ. ಅಮೆರಿಕದಲ್ಲಿ ಓಹಾಯೊ ನದಿಯ ಮೇಲಿದ್ದ ಸಿಲ್ವರ್ ಸೇತುವೆ 1967ರ ಡಿಸೆಂಬರ್ 15ರ ಸಂಜೆ ಕುಸಿದು 46 ಜನ ಸತ್ತರು. ಹುಡುಕಿದಾಗ ಮೂಲ ಸಿಕ್ಕಿದುದು ಒಂದು ಉಕ್ಕಿನ ಕೊಂಡಿಯ ಕಣ್ಣಿನಲ್ಲಿದ್ದ ಎರಡೂವರೆ ಮಿಲಿಮೀಟರಿನ ಬಿರುಕು. ಆ ಬಳಿಕ 1971ರಲ್ಲಿ ಅಲ್ಲಿ ಹೆದ್ದಾರಿ ಸೇತುವೆಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಪ್ರತಿಯೊಂದು ಅಂಗಕ್ಕೂ ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಕೊಡುವ ಪದ್ಧತಿ ಬೆಳೆಯಿತು.

ನಮ್ಮ ದೇಶದಲ್ಲಿ 2016ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಸೇತುವೆಗಳಿಗೆ ಇಂಥದೇ ಜನಗಣತಿಯೊಂದನ್ನು ಆರಂಭಿಸಲಾಯಿತು. ಅದರಲ್ಲಿ 1,34,229 ಮೋರಿಗಳು, 32,806 ಕಿರುಸೇತುವೆಗಳು, 3,647 ದೊಡ್ಡ ಸೇತುವೆಗಳು, 1,835 ಅತಿ ಉದ್ದದ ಸೇತುವೆಗಳು, ಒಟ್ಟು 1,72,517 ಕಟ್ಟಡಗಳು ಲೆಕ್ಕಕ್ಕೆ ಬಂದವು. ಪ್ರತಿಯೊಂದಕ್ಕೂ ಗುರುತಿನ ಸಂಖ್ಯೆಯನ್ನೂ ಸ್ಥಿತಿಯನ್ನು ತಿಳಿಸುವ ಅಂಕವನ್ನೂ ಕೊಡುವುದು ಉದ್ದೇಶ. ರಾಜ್ಯ ಹೆದ್ದಾರಿಗಳು ಮತ್ತು ಜಿಲ್ಲಾ ಮುಖ್ಯರಸ್ತೆಗಳು ರಾಜ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದವು. ಊರ ಹೊಳೆಗೆ ಅಡ್ಡಲಾಗಿರುವ ಸಾವಿರಾರು ಸಣ್ಣ ಸೇತುವೆಗಳಿಗೂ ಇಂಥ ಜಾತಕವನ್ನು ಬರೆದಿಡುವುದು, ಮಳೆಗಾಲದ ಮೊದಲು ಒಮ್ಮೆ, ಕಳೆದ ಮೇಲೆ ಒಮ್ಮೆ ನೋಡಿ ಅದರಲ್ಲಿ ದಾಖಲಿಸುವುದು ಅತ್ಯಾವಶ್ಯಕ. ಆದರೆ ಅಂಕ ಕೊಟ್ಟ ಮಾತ್ರಕ್ಕೆ ಸೇತುವೆ ಗುಣವಾಗುವುದಿಲ್ಲ. ಜ್ವರವನ್ನು ಅಳೆದು ಬರೆದಿಟ್ಟು ಔಷಧ ಕೊಡದ ವೈದ್ಯನಿಂದ ರೋಗಿಗೆ ಲಾಭವೇನು?

ನಮ್ಮ ಪಾತ್ರ

ಸೇತುವೆಯ ಉದ್ಘಾಟನೆಗೆ ಬ್ಯಾಂಡು, ತೋರಣ, ಭಾಷಣಗಳುಂಟು. ಕೊಳವೆಯ ಬಾಯಿಯ ಮಣ್ಣು ತೆಗೆದವನಿಗೆ ಹಾರ ಹಾಕಿದುದನ್ನು ನಾವು ಕಂಡಿಲ್ಲ. ಆರೈಕೆ ಹಿಂದೆ ಬೀಳುವುದಕ್ಕೆ ಇದು ದೊಡ್ಡ ಕಾರಣ. ಹಕ್ಕಿ ಉದುರಿಸಿದ ಅರಳಿಯ ಬೀಜ ಕಂಬದ ಬಿರುಕಿನಲ್ಲಿ ಮೊಳೆತಾಗ ಎರಡು ಬೆರಳಿನಿಂದ ಕಿತ್ತುಹಾಕಬಹುದು. ಹತ್ತು ವರ್ಷ ಬಿಟ್ಟರೆ ಗೋಡೆಯನ್ನು ಒಡೆಯದೆ ಅದರ ಬೇರನ್ನು ತೆಗೆಯಲಾಗದು. ಸೇತುವೆಯ ಎಲ್ಲ ರೋಗಗಳ ಸ್ವಭಾವವೂ ಈ ಅರಳಿಯ ಸಸಿಯಂತೆಯೇ.

ಇಂಜಿನಿಯರು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತಾನೆ. ಊರಿನವರು ದಿನವೂ ಅಲ್ಲಿಯೇ ಇರುತ್ತಾರೆ. ಕೈಪಿಡಿಗೋಡೆಯ ನೇರವಾದ ಸಾಲು ಒಂದು ಕಡೆ ತಗ್ಗಿದಂತೆ ಕಾಣುವುದು, ಸಂದಿನ ಅಂತರ ಹಠಾತ್ತನೆ ಹೆಚ್ಚುವುದು, ವಾಹನ ಹಾಯುವಾಗ ಹಿಂದೆ ಇಲ್ಲದ ಸದ್ದು ಕೇಳಿಬರುವುದು, ಪ್ರವಾಹದ ತರುವಾಯ ಕಂಬದ ಬುಡ ಮೊದಲಿಗಿಂತ ಹೆಚ್ಚು ಬರಿದಾಗಿರುವುದು, ಇವುಗಳಲ್ಲಿ ಯಾವುದನ್ನೇ ಕಂಡರೂ ಹತ್ತಿರದ ಇಲಾಖೆಯ ಕಚೇರಿಗೂ ಪೊಲೀಸರಿಗೂ ಕೂಡಲೆ ತಿಳಿಸಬೇಕು. ಹೀಗೆ ತಿಳಿಸಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮೀನುಗಾರರು, ದೋಣಿಯವರು, ಬಟ್ಟೆ ಒಗೆಯಲು ಹೊಳೆಗಿಳಿಯುವವರು ಸೇತುವೆಯ ಅಡಿಯನ್ನು ಬಲ್ಲಷ್ಟು ಬೇರೆ ಯಾರೂ ಬಲ್ಲವರಲ್ಲ.

2025ರ ಜುಲೈ 14ರಂದು ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಕ್ಕಿ ಉದ್ದದ, ಉಕ್ಕಿನ ಹುರಿಗಳಿಂದ ತೂಗುವ ಸೇತುವೆ ಸಂಚಾರಕ್ಕೆ ತೆರೆಯಿತು. ಲಾಂಚನ್ನು ಕಾದು ನಿಲ್ಲುತ್ತಿದ್ದ ಸಿಗಂದೂರು ಭಾಗದ ಜನರಿಗೆ ಅದು ಅರ್ಧ ಶತಮಾನದ ಆಸೆ. ಮಲೆನಾಡಿನ ಮಳೆ ಆ ವರ್ಷವೇ ಅದರ ಮೇಲೆ ಸುರಿಯಿತು. ಆ ದಿನದಿಂದಲೇ ಅದರ ಸಂದುಗಳೂ ಕೊಳವೆಗಳೂ ಹುರಿಗಳ ಬುಡಗಳೂ ಕಾಯುವ ಕಣ್ಣೊಂದನ್ನು ಬೇಡುತ್ತಿವೆ. ಮಗು ಹುಟ್ಟಿದ ದಿನವೇ ಆರೈಕೆ ಮೊದಲಾಗುವಂತೆ ಸೇತುವೆಗೂ ತೆರೆದ ದಿನದಿಂದಲೇ ಮೊದಲಾಗಬೇಕು.

ಮುಂದಿನ ಸಲ ರಾತ್ರಿಯ ಬಸ್ಸಿನಲ್ಲಿ ಆ ದಡ್ ದಡ್ ಶಬ್ದ ಕೇಳಿದಾಗ ಓದುಗರು ಕ್ಷಣಕಾಲ ಕಿವಿಗೊಡಬೇಕೆಂದು ನಮ್ಮ ಪ್ರಾರ್ಥನೆ. ಸಂದುಗಳು ತೆರೆದಿರುವವರೆಗೆ ಆ ಶಬ್ದ ಶುಭಸೂಚಕವೇ. ಅದು ಹಾಗೆಯೇ ಕೇಳುತ್ತಿರಬೇಕಾದರೆ ಯಾರಾದರೂ ವರ್ಷ ವರ್ಷವೂ ಪೊರಕೆ ಹಿಡಿದು ಸೇತುವೆಯ ಮೇಲೆ ನಡೆಯಬೇಕು, ಸುತ್ತಿಗೆ ಹಿಡಿದು ಅದರ ಕೆಳಗೆ ಇಳಿಯಬೇಕು.